ಗಣಕಯಂತ್ರದ ಯು.ಪಿ.ಎಸ್. ಮತ್ತು ಅದರ ಶಕ್ತಿಮಾನ

ಹೊಸಪೇಟೆಯ ಮಗ್ಗುಲಲ್ಲಿಯೇ ತುಂಗಭದ್ರಾ ಅಣೆಕಟ್ಟಿನ ವಿದ್ಯುದಾಗಾರವಿದೆ. ಕಾಲುವೆಯ ಗುಂಟ ಮುಂದೆ ಹೋದರೆ ಹಂಪಿಯದು ಇನ್ನೊಂದು. ತಲಾ 9 ಮೆಗಾವಾಟಿನ ನಾಲ್ಕು ನಾಲ್ಕು ಯಂತ್ರಗಳಂತೆ ಎರಡರ ಸ್ಥಾಪಿತ ಸಾಮರ್ಥ್ಯ 72 ಮೆಗಾವಾಟ್. ಆದರೂ ಅಲ್ಲಿ ಹುಟ್ಟಿದ ವಿದ್ಯುತ್ತು ನೇರವಾಗಿ ನಮ್ಮ ಮನೆಗೆ ಬಾರದೆ ದೊಡ್ಡ ಜಾಲವನ್ನು ಸೇರುವುದರಿಂದ, ಬೇಸಗೆಯ ಕೊನೆಯ ಬಿರುಗಾಳಿಗೆ ತಂತಿ ಹರಿದರೆ ಸಂಡೂರು, ಕಂಪ್ಲಿಗಳವರಂತೆ ಅಣೆಕಟ್ಟಿನ ನೆರೆಯವರಾದ ನಾವೂ ಕತ್ತಲಲ್ಲಿ ಕುಳಿತಿರಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ, ಶಾಸನಗಳ ಛಾಯಾಚಿತ್ರಗಳಿಂದ ಪಾಠವನ್ನು ಗಣಕಯಂತ್ರದಲ್ಲಿ ಬರೆದುಕೊಳ್ಳುತ್ತಿದ್ದಾಗ ಹೀಗೆಯೇ ವಿದ್ಯುತ್ತು ನಿಂತಿತು. 600 ಎಂದು ನಮೂದಿಸಿದ್ದ ಯು.ಪಿ.ಎಸ್. ಇದ್ದುದರಿಂದ ನಾನು ನಿಶ್ಚಿಂತನಾಗಿದ್ದೆ. ಗಣಕಯಂತ್ರ, ಪರದೆಗಳೊಡನೆ ಲೇಸರ್ ಪ್ರಿಂಟರನ್ನೂ ಅದಕ್ಕೇ ಜೋಡಿಸಿದ್ದೆ. ಪ್ರಿಂಟರ್ ಆಗ ಕೆಲಸದಲ್ಲಿತ್ತು. ಯು.ಪಿ.ಎಸ್. ಒಮ್ಮೆ ಕೂಗಿ ಆರಿಹೋಯಿತು. ಮೂರು ಸಂಜೆಗಳ ಪಾಠವಿದ್ದ ಕಡತ ಮತ್ತೆ ತೆರೆಯಲೇ ಇಲ್ಲ. ತಪ್ಪು ಉಪಕರಣದ್ದಲ್ಲ, ನಾನು ಆ ಅಂಕೆಯನ್ನು ಓದಿದ ರೀತಿಯದು.

ಆ 600 ಎಂಬುದು ವಾಟ್ ಅಲ್ಲ, ವೋಲ್ಟ್-ಆಂಪಿಯರ್, ಅಂದರೆ ವಿ.ಎ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವುದು ವಿ.ಎ.; ಉಪಕರಣವು ವಾಸ್ತವವಾಗಿ ಬಳಸಿಕೊಳ್ಳುವ ಶಕ್ತಿ ವಾಟ್. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಂತೆ ಏರಿಳಿಯುತ್ತದೆ. ಪ್ರವಾಹದ ಏರಿಳಿತವು ವೋಲ್ಟೇಜಿನ ಏರಿಳಿತಕ್ಕೆ ಸರಿಯಾಗಿ ಹೊಂದದಿದ್ದಾಗ, ತಂತಿಗಳು ಹೊರುವ ಪ್ರವಾಹವೆಲ್ಲವೂ ಕೆಲಸವಾಗಿ ಪರಿಣಮಿಸದು. ವಾಟನ್ನು ವಿ.ಎ.ಯಿಂದ ಭಾಗಿಸಿದಾಗ ದೊರೆಯುವುದೇ ಪವರ್ ಫ್ಯಾಕ್ಟರ್. ಕಡಿಮೆ ಬೆಲೆಯ ಯು.ಪಿ.ಎಸ್.ಗಳಲ್ಲಿ ಇದು ಅನೇಕ ವೇಳೆ 0.6, ಆದುದರಿಂದ 600 ವಿ.ಎ. ಎಂದರೆ 360 ವಾಟ್ ಮಾತ್ರ. ಲೇಸರ್ ಪ್ರಿಂಟರಿನೊಳಗಣ ಕಾಯಿಸುವ ಉರುಳೆಯೊಂದೇ ಅದನ್ನು ಮೀರಿಸಬಲ್ಲದು.

ಶಾಸನಗಳನ್ನೋದುವವರು ಈ ಭ್ರಮೆಗೆ ಒಳಗಾಗಬಾರದಿತ್ತು. ದತ್ತಿಯ ಭೂಮಿ ಇಷ್ಟು ಮತ್ತರು ಎಂದರೆ ಸಾಲದು. ಯಾವ ಕೋಲಿನಿಂದ ಅಳೆದದ್ದೆಂಬುದನ್ನೂ ಶಾಸನಕಾರರು ಹಲವೆಡೆ ನಮೂದಿಸಿದ್ದಾರೆ. ಕೋಲು ಬೇರೆಯಾದರೆ ಮತ್ತರೂ ಬೇರೆ!

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಗಣಕಯಂತ್ರದ ಒಳಗಣ ವಿದ್ಯುತ್ ಪೆಟ್ಟಿಗೆಯ ಮೇಲೆ 450 ವಾಟ್ ಎಂದಿರುವುದನ್ನು ಕಂಡು ದುಬಾರಿ ಯು.ಪಿ.ಎಸ್. ಕೊಳ್ಳುವವರಿದ್ದಾರೆ. ಅದು ಆ ಪೆಟ್ಟಿಗೆ ಕೊಡಬಲ್ಲ ಗರಿಷ್ಠ ಶಕ್ತಿಯೇ ಹೊರತು ಸದಾ ಸೆಳೆಯುವ ಶಕ್ತಿಯಲ್ಲ. ಬರೆಹದ ಕೆಲಸಕ್ಕೆ ಸಾಧಾರಣ ಗಣಕಯಂತ್ರ ಮತ್ತು ಪರದೆಗೆ ಒಟ್ಟು 150 ವಾಟ್ ಬಹುಮಟ್ಟಿಗೆ ಸಾಕು. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ವಾಟ್ ಮೀಟರಿನಿಂದ ಇದನ್ನು ಅಳೆದು ನೋಡುವುದೇ ಲೇಸು. ಬಂದ ಅಂಕೆಗೆ ಕಾಲುಭಾಗವನ್ನು ಕೂಡಿಸಿ, ಯು.ಪಿ.ಎಸ್.ನ ವಾಟಿನೊಡನೆ ಹೋಲಿಸಬೇಕು, ವಿ.ಎ. ಮಿತಿಯನ್ನೂ ಮೀರಬಾರದು.

ಎಷ್ಟು ಹೊತ್ತು ನಡೆಯುತ್ತದೆಂಬುದು ಬೇರೆ ಪ್ರಶ್ನೆ. ಅದನ್ನು ನಿರ್ಧರಿಸುವುದು ಬ್ಯಾಟರಿ. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 84 ವಾಟ್-ಗಂಟೆ. 150 ವಾಟಿಗೆ ಲೆಕ್ಕದಲ್ಲಿ 33 ನಿಮಿಷ ಬರುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ವೇಗವಾಗಿ ಬರಿದುಮಾಡಿದಷ್ಟೂ ಅದು ಕೊಡುವುದು ಕಡಿಮೆ, ಪರಿವರ್ತನೆಯಲ್ಲಿಯೂ ನಷ್ಟವುಂಟು. ಹೊಸದರಲ್ಲಿ ಅರ್ಧದಷ್ಟು ಹೊತ್ತು ನಡೆದರೆ ಪುಣ್ಯ. 25 ಡಿಗ್ರಿಗಿಂತ ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಇಂಥ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕಿಳಿಯುವುದರಿಂದ, ನಮ್ಮ ಸೀಮೆಯ ಬೇಸಗೆಯಲ್ಲಿ ಅದನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡತಕ್ಕದ್ದಲ್ಲ.

ನನ್ನಲ್ಲಿ ಈಗಲೂ ಇರುವುದು ಅದೇ 600 ವಿ.ಎ. ಯು.ಪಿ.ಎಸ್. ಬ್ಯಾಟರಿಯನ್ನು ಬದಲಿಸಿದ್ದೇನೆ, ಪ್ರಿಂಟರನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸಿದ್ದೇನೆ. ವಿದ್ಯುತ್ತು ಹೋದಾಗ ಹತ್ತು ನಿಮಿಷ ಸಿಕ್ಕುತ್ತದೆ. ಕಡತವನ್ನು ಉಳಿಸಿ ಯಂತ್ರವನ್ನು ಆರಿಸಲು ಎರಡು ನಿಮಿಷ ಸಾಕು.