ಅಕಾರಾದಿ ತಪ್ಪಿದರೆ ಇದ್ದದ್ದೂ ಇಲ್ಲ

ನಿಘಂಟಿನಲ್ಲಿ ‘ಕ್ಷಮೆ’ ಎಂಬ ಪದವನ್ನು ಎಲ್ಲಿ ಹುಡುಕುತ್ತೀರಿ? ಶಾಲೆಯ ಗೋಡೆಯ ವರ್ಣಮಾಲೆಯಲ್ಲಿ ‘ಕ್ಷ’, ‘ಜ್ಞ’ಗಳಿಗೆ ಕಟ್ಟಕಡೆಯ ಸ್ಥಾನ. ಅದನ್ನೇ ನಂಬಿ ‘ಳ’ಕಾರದ ಆಚೆ ಹುಡುಕಿದವರಿಗೆ ಪದ ಸಿಗದು. ಅದು ‘ಕ’ಕಾರದಲ್ಲಿ ತಣ್ಣಗೆ ಕುಳಿತಿರುತ್ತದೆ. ಪದ ಕಳೆದಿಲ್ಲ, ಜೋಡಿಸಿದವರ ಕ್ರಮ ಒಂದು, ಹುಡುಕುವವರ ಕ್ರಮ ಇನ್ನೊಂದು, ಅಷ್ಟೆ.

ಇಂಥದೇ ಗೊಂದಲ 2018ರ ನಂತರ ದೊಡ್ಡ ದೊಡ್ಡ ಕಂಪ್ಯೂಟರ್ ದಾಖಲೆಗಳನ್ನೂ ಕಾಡಿತು. ಕೋಟಿಗಟ್ಟಲೆ ಸಾಲುಗಳಿರುವ ಡೇಟಾಬೇಸ್‌ನಲ್ಲಿ ಒಂದು ಹೆಸರಿಗಾಗಿ ಎಲ್ಲವನ್ನೂ ಓದುತ್ತ ಕೂರಲಾಗದು. ಅದಕ್ಕೆಂದೇ ‘ಇಂಡೆಕ್ಸ್’, ಅಂದರೆ ಅಕಾರಾದಿ ಸೂಚಿ ಇರುತ್ತದೆ. ಬೋಯಿಂಗ್ ವಿಮಾನ ಕಂಪನಿಯ ಪ್ರಯೋಗಾಲಯದಲ್ಲಿ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ 1970ರ ವೇಳೆಗೆ ರೂಪಿಸಿದ ‘ಬಿ-ಟ್ರೀ’ ಇದರ ಬುನಾದಿ. ಈ ಮರದ ಪ್ರತಿ ಕವಲಿನಲ್ಲೂ ಒಂದೇ ಪ್ರಶ್ನೆ: ಬೇಕಾದ ಪದ ಇದಕ್ಕಿಂತ ಮೊದಲೋ, ನಂತರವೋ?

ಪೋಸ್ಟ್‌ಗ್ರೆಸ್ ಎಂಬ ಜನಪ್ರಿಯ ಡೇಟಾಬೇಸ್, ಲಿನಕ್ಸ್ ಯಂತ್ರಗಳಲ್ಲಿ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ‘ಜಿಲಿಬ್‌ಸಿ’ ಎಂಬ ಮೂಲ ತಂತ್ರಾಂಶಕ್ಕೆ ಕೇಳುತ್ತದೆ. 2018ರ ಆಗಸ್ಟ್‌ನಲ್ಲಿ ಬಂದ ಅದರ 2.28ನೇ ಆವೃತ್ತಿ ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದುವಂತೆ ಅಕ್ಷರಕ್ರಮವನ್ನು ಪರಿಷ್ಕರಿಸಿತು. ಅಮೆರಿಕದ ಇಂಗ್ಲಿಷ್ ಕ್ರಮದಲ್ಲಿ ‘11’ರ ನಂತರ ಬರುತ್ತಿದ್ದ ‘1-1’ ಅದಕ್ಕೂ ಮೊದಲು ಬಂತು. ಹೊಸ ಆವೃತ್ತಿಗೆ ಬದಲಾದ ಯಂತ್ರಗಳಲ್ಲಿ ಸೂಚಿಗಳು ಮಾತ್ರ ಹಳೆಯ ಕ್ರಮದಲ್ಲೇ ಉಳಿದವು.

ಪರಿಣಾಮವೇನು? ಹುಡುಕಾಟ ತಪ್ಪು ಕವಲು ಹಿಡಿದು, ಇರುವ ದಾಖಲೆಯನ್ನೇ ‘ಇಲ್ಲ’ ಎನ್ನುತ್ತದೆ. ಒಂದು ಹೆಸರು ಎರಡು ಬಾರಿ ಸೇರದಂತೆ ಕಾಯುವ ಕಾವಲುಗಾರನೂ ಈ ಸೂಚಿಯೇ. ಅದು ‘ಇಲ್ಲ’ ಎಂದೊಡನೆ ಅದೇ ಹೆಸರು ಮತ್ತೊಮ್ಮೆ ದಾಖಲಾಗುತ್ತದೆ. ಒಬ್ಬರಿಗೇ ಎರಡು ಖಾತೆ! ಒಂದರಲ್ಲಿ ಹಳೆಯ ವಿಳಾಸ, ಇನ್ನೊಂದರಲ್ಲಿ ಹೊಸದಾಗಿ ಕಟ್ಟಿದ ಹಣ.

ಚಿಕಿತ್ಸೆಗೂ ಒಂದು ಕ್ರಮವಿದೆ. ಮೊದಲು ಎಲ್ಲ ದಾಖಲೆಗಳ ಪ್ರತಿ ತೆಗೆದಿಡಬೇಕು. ‘ಆಮ್‌ಚೆಕ್’ ಎಂಬ ಸಾಧನದಿಂದ ಸೂಚಿಯನ್ನು ಪರೀಕ್ಷಿಸಬೇಕು. ಜೋಡಿ ಸಾಲುಗಳನ್ನು ಹುಡುಕುವಾಗ ಸೂಚಿಯನ್ನು ಬದಿಗಿಟ್ಟು ಮೂಲ ಕೋಷ್ಟಕವನ್ನೇ ಓದಿಸಬೇಕು. ಕೆಟ್ಟ ಸೂಚಿಯನ್ನು ಕೇಳಿದರೆ ಅದು ತನ್ನ ತಪ್ಪನ್ನು ತಾನೇ ಮುಚ್ಚಿಡಬಹುದು. ಸೂಚಿಯನ್ನು ಹೊಸದಾಗಿ ಕಟ್ಟುವುದು ಕೊನೆಗೆ. ಜೋಡಿಗಳು ಉಳಿದಿದ್ದರೆ ಯಂತ್ರ ಅದಕ್ಕೆ ಒಪ್ಪುವುದೇ ಇಲ್ಲ.

ಕಷ್ಟದ ಕೆಲಸ ಇವೆರಡರ ನಡುವಿನದು. ಎರಡು ಸಾಲುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು? ಅವಸರದಲ್ಲಿ ಒಂದನ್ನು ಅಳಿಸಿದರೆ ಯಾರದೋ ಹಣದ ಲೆಕ್ಕವೂ ಅದರೊಂದಿಗೆ ಹೋದೀತು. ಯಂತ್ರ ಜೋಡಿಯನ್ನು ತೋರಿಸಿಕೊಡಬಲ್ಲದು. ಎರಡನ್ನೂ ಓದಿ, ಹೊಂದಿಸಿ, ನಿಜವನ್ನು ಉಳಿಸಬೇಕಾದವನು ಮನುಷ್ಯನೇ.