ಬಂದು ಹೋಗುವ ದೋಷ: ಕಚೇರಿಯ ಜಾಲದಲ್ಲಿ ದತ್ತಾಂಶ ಕಳೆದುಹೋಗುವುದೆಲ್ಲಿ?

ಸದಾ ಇರುವ ದೋಷವನ್ನು ಪತ್ತೆಹಚ್ಚುವುದು ಸುಲಭ. ಬಂದು ಹೋಗುವ ದೋಷವನ್ನು ಹಿಡಿಯುವುದು ಕಷ್ಟ. ಪ್ರಯೋಗಾಲಯದಲ್ಲಿ ಸಡಿಲ ಸಂಪರ್ಕದ ತಂತಿಯೊಡನೆ ಹೆಣಗಿದ ವಿದ್ಯಾರ್ಥಿಗಳೆಲ್ಲರಿಗೂ ಇದು ಗೊತ್ತು. ಕಂಪ್ಯೂಟರ್ ಜಾಲಗಳಲ್ಲಿಯೂ ಇದೇ ಕಥೆ.

ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದಲ್ಲಿ ಆಂತರಿಕ ಅಂಕಗಳನ್ನು ಸರ್ವರ್‌ಗೆ ತುಂಬುವ ಕೆಲಸ ನಡೆದಿತ್ತು. ಬೆಳಿಗ್ಗೆ ಒಬ್ಬಿಬ್ಬರು ಕುಳಿತಾಗ ಎಲ್ಲವೂ ಸರಾಗ. ಹನ್ನೊಂದರ ನಂತರ ಅಧ್ಯಾಪಕರೆಲ್ಲ ಒಟ್ಟಿಗೆ ಕುಳಿತರೆ ಪರದೆ ನಿಂತುಬಿಡುತ್ತಿತ್ತು. ತುಂಬಿದ್ದನ್ನೇ ಮತ್ತೆ ತುಂಬಬೇಕು. ಒಂದು ಪಟ್ಟಿಯಲ್ಲಿ ಇಬ್ಬರು ವಿದ್ಯಾರ್ಥಿಗಳ ಅಂಕಗಳ ಜಾಗ ಖಾಲಿ ಉಳಿದಿತ್ತು. ಪಟ್ಟಿ ಹೊರಡುವ ಮೊದಲು ಅದು ಕಣ್ಣಿಗೆ ಬಿದ್ದದ್ದು ಅದೃಷ್ಟ. ತಂತ್ರಜ್ಞರು ಬಂದು ‘ಪಿಂಗ್’ ಮಾಡಿದರು. ನಾಲ್ಕು ಸಂದೇಶ ಹೋದವು, ನಾಲ್ಕು ಉತ್ತರ ಬಂದವು. ‘ನೆಟ್‌ವರ್ಕ್ ಸರಿಯಾಗಿದೆ ಸರ್’ ಎಂದರು. ಕೇಬಲ್ ಬದಲಾಯಿಸಿದೆವು; ಸಂಜೆಗೆ ಎಲ್ಲ ಸರಿಯಾದಂತೆ ಕಂಡಿತು. ಮರುದಿನ ಹನ್ನೊಂದಕ್ಕೆ ಮತ್ತದೇ ಗೋಳು.

ಒಂದು ಕೇಬಲ್, ಎರಡು ನಿಯಮ

ದೋಷ ಕೇಬಲ್‌ನಲ್ಲಿ ಇರಲಿಲ್ಲ; ಅದರ ಎರಡು ತುದಿಗಳ ನಡುವಿನ ಒಪ್ಪಂದದಲ್ಲಿತ್ತು. ಈಥರ್‌ನೆಟ್‌ನ ಮೊದಲ ದಿನಗಳಲ್ಲಿ ಹಲವು ಯಂತ್ರಗಳು ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದವು. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು; ಇಬ್ಬರು ಒಟ್ಟಿಗೆ ಮಾತನಾಡಿದರೆ ‘ಡಿಕ್ಕಿ’ ಎಂದು ತಿಳಿದು ಇಬ್ಬರೂ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳುಹಿಸಬೇಕು. ಇದು ಹಾಫ್ ಡ್ಯೂಪ್ಲೆಕ್ಸ್. ಸ್ವಿಚ್‌ಗಳು ಬಂದ ಮೇಲೆ ಪ್ರತಿ ಯಂತ್ರಕ್ಕೂ ತನ್ನದೇ ಕೇಬಲ್ ದೊರೆಯಿತು. ಹೋಗಲು ಒಂದು ಜೋಡಿ ತಂತಿ, ಬರಲು ಇನ್ನೊಂದು. ಆಗ ಏಕಕಾಲದಲ್ಲಿ ಹೇಳುವುದೂ ಕೇಳುವುದೂ ಸಾಧ್ಯವಾಯಿತು. ಇದು ಫುಲ್ ಡ್ಯೂಪ್ಲೆಕ್ಸ್.

ಯಾವ ನಿಯಮ ಎಂಬುದನ್ನು ಎರಡೂ ತುದಿಗಳು ತಾವೇ ಮಾತನಾಡಿಕೊಂಡು ನಿರ್ಧರಿಸುವ ಏರ್ಪಾಡು 1995ರ ಫಾಸ್ಟ್ ಈಥರ್‌ನೆಟ್ ಮಾನಕದೊಂದಿಗೆ ಬಂದಿತು. ಆದರೆ ಯಾರೋ ಒಂದು ತುದಿಯನ್ನು ಕೈಯಾರೆ ‘100 ಮೆಗಾಬಿಟ್, ಫುಲ್’ ಎಂದು ನಿಗದಿಪಡಿಸಿದರೆ ಅದು ಮಾತುಕತೆಯನ್ನು ನಿಲ್ಲಿಸಿಬಿಡಬಹುದು. ಆಗ ಇನ್ನೊಂದು ತುದಿ ಸಂಕೇತವನ್ನು ನೋಡಿ ವೇಗವನ್ನು ಗುರುತಿಸುತ್ತದೆ. ಡ್ಯೂಪ್ಲೆಕ್ಸ್ ಯಾವುದೆಂದು ತಿಳಿಯುವ ಮಾರ್ಗ ಅದಕ್ಕಿಲ್ಲ. ನಿಯಮದಂತೆ ಹಾಫ್ ಎಂದೇ ಭಾವಿಸುತ್ತದೆ. ನಮ್ಮ ಸ್ವಿಚ್‌ನ ಪೋರ್ಟ್ ನಿಗದಿತವಾಗಿತ್ತು, ಹೊಸ ಸರ್ವರ್ ಸ್ವಯಂಚಾಲಿತವಾಗಿತ್ತು.

ಫಲವೇನು? ಸರ್ವರ್ ಕಳುಹಿಸುತ್ತಿರುವಾಗಲೇ ಸ್ವಿಚ್ ಕೂಡ ಕಳುಹಿಸತೊಡಗುತ್ತದೆ. ಸ್ವಿಚ್‌ಗೆ ಅದು ಸಹಜ. ಸರ್ವರ್‌ಗೆ ಅದು ಡಿಕ್ಕಿ. ಸರ್ವರ್ ತನ್ನ ಫ್ರೇಮನ್ನು ಅರ್ಧದಲ್ಲೇ ಕತ್ತರಿಸುತ್ತದೆ. ಆ ತುಂಡನ್ನು ಪಡೆದ ಸ್ವಿಚ್, ತಪ್ಪು ಪರೀಕ್ಷೆಯ ಮೊತ್ತ ಹೊಂದದ ಕಾರಣ ಅದನ್ನು ಎಸೆಯುತ್ತದೆ. ಇನ್ನು ಪಿಂಗ್? ಅದರಲ್ಲಿ ಒಂದು ಪ್ರಶ್ನೆ ಹೋಗಿ, ನಂತರ ಒಂದು ಉತ್ತರ ಬರುತ್ತದೆ. ಇಬ್ಬರೂ ಒಟ್ಟಿಗೆ ಮಾತನಾಡುವ ಪ್ರಸಂಗವೇ ಇಲ್ಲ. ದೋಷ ಹುಟ್ಟುವ ಸನ್ನಿವೇಶವನ್ನೇ ಸೃಷ್ಟಿಸದ ಪರೀಕ್ಷೆ ಎಲ್ಲವೂ ಸರಿ ಎಂದು ಹೇಳಿದರೆ ಆಶ್ಚರ್ಯವಿಲ್ಲ.

ತರಗತಿಗೊಂದು ಲೆಕ್ಕ

ಬೇರೆ ಕಾರಣದಿಂದ ನೂರಕ್ಕೊಂದು ಸಂದೇಶ ಯಾದೃಚ್ಛಿಕವಾಗಿ ಕಳೆದುಹೋಗುತ್ತಿದೆ ಎನ್ನೋಣ. ನಾಲ್ಕೂ ಪಿಂಗ್‌ಗಳು ಮರಳಿ ಬರುವ ಸಂಭವನೀಯತೆ 0.99ರ ನಾಲ್ಕನೆಯ ಘಾತ, ಅಂದರೆ ಸುಮಾರು ಶೇ. 96. ನಾಲ್ಕು ಅಳತೆಗಳಿಂದ ತೀರ್ಪು ಕೊಡಬಾರದೆಂದು ವಿದ್ಯಾರ್ಥಿಗಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸುಳಿವು ದೊರೆಯುವುದು ಪೋರ್ಟ್‌ನ ಎಣಿಕೆಗಳಲ್ಲಿ. ಕೇಬಲ್‌ನಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಸುಮಾರು ಮೂರನೆಯ ಎರಡರಷ್ಟು. 100 ಮೀಟರ್ ಹೋಗಿ ಬರಲು ಸುಮಾರು 1 ಮೈಕ್ರೊಸೆಕೆಂಡ್ ಸಾಕು. ಅತಿ ಚಿಕ್ಕ ಫ್ರೇಮ್ 64 ಬೈಟ್, ಅಂದರೆ 512 ಬಿಟ್. 100 ಮೆಗಾಬಿಟ್ ವೇಗದಲ್ಲಿ ಅದಕ್ಕೆ 5.12 ಮೈಕ್ರೊಸೆಕೆಂಡ್. ನಿಯಮ ಪಾಲಿಸುವ ಜಾಲದಲ್ಲಿ ಡಿಕ್ಕಿ ಇಷ್ಟರೊಳಗೇ ತಿಳಿಯಬೇಕು. ಇದಾದ ಮೇಲೂ ಡಿಕ್ಕಿ ಕಂಡರೆ ಅದು ‘ತಡವಾದ ಡಿಕ್ಕಿ’. ಎದುರಿನವನು ಕೇಳದೇ ಮಾತನಾಡುತ್ತಿದ್ದಾನೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ.

ಆದ್ದರಿಂದ ಎರಡೂ ತುದಿಗಳ ಎಣಿಕೆಗಳನ್ನು ಒಟ್ಟಿಗೆ ನೋಡಬೇಕು. ಹಾಫ್ ತುದಿಯಲ್ಲಿ ತಡವಾದ ಡಿಕ್ಕಿ, ಫುಲ್ ತುದಿಯಲ್ಲಿ ಪರೀಕ್ಷಾ ಮೊತ್ತದ ತಪ್ಪು ಏರುತ್ತಿದ್ದರೆ ಡ್ಯೂಪ್ಲೆಕ್ಸ್ ಹೊಂದಿಕೆಯಾಗಿಲ್ಲ. ಡಿಕ್ಕಿಯಿಲ್ಲದೆ ಪರೀಕ್ಷಾ ಮೊತ್ತದ ತಪ್ಪು ಮಾತ್ರ ಏರುತ್ತಿದ್ದರೆ ಕೇಬಲ್ ಅಥವಾ ಅದರ ತುದಿಯ ಪ್ಲಗ್ ಅನ್ನು ಶಂಕಿಸಿ. ತಪ್ಪುಗಳಿಲ್ಲದೆ, ಹೊರಹೋಗುವ ಫ್ರೇಮ್‌ಗಳು ತಿರಸ್ಕೃತವಾಗುತ್ತಿದ್ದರೆ ಅದು ದಟ್ಟಣೆಯ ಗುರುತು.

ನಾವು ಸ್ವಿಚ್‌ನ ಪೋರ್ಟನ್ನೂ ಸ್ವಯಂಚಾಲಿತಗೊಳಿಸಿದೆವು; ಬೇರೇನನ್ನೂ ಮುಟ್ಟಲಿಲ್ಲ. ಎಣಿಕೆಗಳನ್ನು ಸೊನ್ನೆಗೆ ತಂದು, ದೊಡ್ಡ ಕಡತಗಳನ್ನು ಎರಡೂ ದಿಕ್ಕಿಗೆ ಒಟ್ಟಿಗೆ ಕಳುಹಿಸಿ ನೋಡಿದೆವು. ತಪ್ಪುಗಳು ಏರಲಿಲ್ಲ. ತಾಮ್ರದ ತಂತಿಯ ಗಿಗಾಬಿಟ್ ಸಂಪರ್ಕಕ್ಕೆ ಈ ಮಾತುಕತೆ ಕಡ್ಡಾಯವಾದ್ದರಿಂದ ಈ ದೋಷ ಈಗ ವಿರಳ. ಆದರೆ ಹಳೆಯ ಪ್ರಿಂಟರ್, ಹಾಜರಾತಿ ಯಂತ್ರ, 100 ಮೆಗಾಬಿಟ್‌ನ ಹಳೆಯ ಸ್ವಿಚ್ ಇರುವ ಶಾಲೆ ಕಾಲೇಜುಗಳಲ್ಲಿ ಅದು ಇಂದಿಗೂ ಎದುರಾಗಬಹುದು. ಮರುದಿನ ಹನ್ನೊಂದಕ್ಕೆ, ಎಲ್ಲರೂ ಕುಳಿತ ಮೇಲೆ, ಎಣಿಕೆಗಳನ್ನು ಮತ್ತೊಮ್ಮೆ ನೋಡಿದೆವು. ಅಂಕಗಳ ಪಟ್ಟಿಯನ್ನು ಮುದ್ರಿಸಿದ್ದು ಅದರ ನಂತರವೇ.