ಹಗ್ಗ ಹೊಸೆಯುವ ಕೈ, ದೇವರನ್ನು ನಂಬಿದ ಮನಸ್ಸು

ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಅಂತೋನಿಯವರ ಆಶ್ರಮದ ಹೆಸರನ್ನು ಕೇಳದವರು ನಮ್ಮ ಊರಿನಲ್ಲಿ ವಿರಳ. ಆ ಹೆಸರು ಪಾದುವಾದ ಸಂತರದು. 1195ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿದ ಅವರ ಮೊದಲ ಹೆಸರು ಫೆರ್ನಾಂಡೊ. 1220ರಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಯಾದಾಗ ಅವರು ತಮಗೆ ಇಟ್ಟುಕೊಂಡದ್ದು ಇನ್ನೊಬ್ಬ ಅಂತೋನಿಯ ಹೆಸರನ್ನು. ಆ ಹಿರಿಯ ಅಂತೋನಿ ಯಾರು?

ಈತನು ಸುಮಾರು 251ರಲ್ಲಿ ಈಜಿಪ್ಟಿನಲ್ಲಿ ಹುಟ್ಟಿದ ಅನುಕೂಲಸ್ಥ ರೈತನ ಮಗ. ಇಪ್ಪತ್ತರ ಆಸುಪಾಸಿನಲ್ಲಿಯೇ ತಂದೆತಾಯಿ ತೀರಿಕೊಂಡರು. ಪುಟ್ಟ ತಂಗಿಯ ಭಾರ ಹೆಗಲೇರಿತು. ಒಂದು ದಿನ ಇಗರ್ಜಿಯಲ್ಲಿ, ಇದ್ದುದನ್ನು ಮಾರಿ ಬಡವರಿಗೆ ಕೊಡು ಎಂಬ ಕ್ರಿಸ್ತವಾಕ್ಯ ಆತನ ಕಿವಿಗೆ ಬಿತ್ತು. ಸುಮಾರು 200 ಎಕ್ರೆ ಹೊಲವನ್ನು ಊರವರಿಗೆ ಬಿಟ್ಟುಕೊಟ್ಟ. ತಂಗಿಗೆಂದು ಸ್ವಲ್ಪ ಉಳಿಸಿಕೊಂಡ. ನಾಳೆಯ ಚಿಂತೆ ಬೇಡ ಎಂಬ ಮಾತನ್ನು ಕೇಳಿದ ಮೇಲೆ ಅದನ್ನೂ ದಾನ ಮಾಡಿ, ತಂಗಿಯನ್ನು ನಂಬಿಕೆಯ ಧರ್ಮಕನ್ಯೆಯರಿಗೆ ಒಪ್ಪಿಸಿದ.

ಹಾಗಾದರೆ ದೇವರನ್ನು ನಂಬುವುದೆಂದರೆ ಕೈಕಟ್ಟಿ ಕೂರುವುದೆ? ಅಲ್ಲ. ಅಂತೋನಿ ದುಡಿದೇ ಉಂಡ. ಮಿಕ್ಕುದನ್ನು ಬಡವರಿಗೆ ಹಂಚಿದ. ಮುಂದೆ ಕೆಂಪು ಸಮುದ್ರದ ಬಳಿಯ ಬೆಟ್ಟದಲ್ಲಿ ನೆಲೆಸಿದಾಗ, ತನಗೆ ರೊಟ್ಟಿ ಹೊತ್ತು ತರುವವರ ಆಯಾಸ ಕಂಡು, ಗುದ್ದಲಿ, ಕೊಡಲಿ, ಒಂದಿಷ್ಟು ಗೋಧಿ ತರಿಸಿ ತಾನೇ ಬಿತ್ತಿದ. ಬಂದವರಿಗೆ ಬುಟ್ಟಿ ಹೆಣೆದು ಕೊಟ್ಟ. ಕಾಯಕವನ್ನು ಬಲ್ಲ ಕನ್ನಡಿಗರಿಗೆ ಇದು ಹೊಸತಲ್ಲ.

ಆದರೂ ಆತನಿಗೂ ಎದೆಗುಂದಿದ ದಿನಗಳಿದ್ದವು. ದುಷ್ಟಶಕ್ತಿಗಳ ಹೊಡೆತಕ್ಕೆ ಜರ್ಜರಿತನಾದ ಮೇಲೆ ಬೆಳಕು ಕಂಡಾಗ, ಇಷ್ಟು ಹೊತ್ತು ಎಲ್ಲಿದ್ದೆ ಎಂದು ದೇವರನ್ನೇ ಕೇಳಿದನಂತೆ. ಇಲ್ಲಿಯೇ ಇದ್ದು ನಿನ್ನ ಹೋರಾಟವನ್ನು ನೋಡುತ್ತಿದ್ದೆ ಎಂದು ಉತ್ತರ ಬಂದಿತಂತೆ. ಕಷ್ಟ ಬಂದ ಮನೆಗಳಲ್ಲಿ ಈ ಪ್ರಶ್ನೆ ಇಂದಿಗೂ ಏಳುತ್ತದೆ. ಕೇಳುವುದು ಅಪನಂಬಿಕೆಯಲ್ಲ, ಕೇಳಿದ ಮೇಲೂ ನಿಂತಲ್ಲಿಂದ ಕದಲದಿರುವುದೇ ನಂಬಿಕೆ.

ಮತ್ತೊಮ್ಮೆ ಬೇಸರ ಕವಿದಾಗ ತನ್ನಂತೆಯೇ ಇರುವ ಒಬ್ಬನನ್ನು ಕಂಡನಂತೆ. ಆತ ಕುಳಿತು ಹಗ್ಗ ಹೊಸೆಯುವನು, ಎದ್ದು ಪ್ರಾರ್ಥಿಸುವನು, ಮತ್ತೆ ಕುಳಿತು ಹೊಸೆಯುವನು. ಅವನು ದೇವದೂತನೆಂದು ಕಥೆ. ಹೀಗೆಯೇ ಮಾಡು, ಉಳಿಯುವೆ ಎಂಬುದೇ ಸಂದೇಶ. ತೆಂಗಿನ ನಾರಿನ ಹುರಿಯನ್ನು ಬಲ್ಲ ನಮ್ಮ ಕರಾವಳಿಗೆ ಇದರ ಅರ್ಥ ಸುಲಭ: ಎಳೆ ಸಣ್ಣದು, ಬಿಡದೆ ಹೊಸೆದರೆ ಹಗ್ಗ ಗಟ್ಟಿ.

356ರಲ್ಲಿ, 105ನೆಯ ವಯಸ್ಸಿನಲ್ಲಿ ಅಂತೋನಿ ತೀರಿಕೊಂಡನೆಂದು ಆತನ ಚರಿತ್ರೆ ಬರೆದ ಅಥನಾಸಿಯುಸರು ಹೇಳುತ್ತಾರೆ. ಪಾದುವಾದ ಸಂತರ ಹಬ್ಬ ಜೂನ್ 13. ಈ ಮರುಭೂಮಿಯ ಹಿರಿಯನದು ಜನವರಿ 17.